ಬೆಂಗಳೂರು ಬಳಸಿದ ನೀರು, ಕೋಲಾರದ ಕೆರೆ

ಲೆಕ್ಕಶಾಸ್ತ್ರದ ಮೊದಲ ಪಾಠದಲ್ಲೇ ನಾವು ದ್ವಿನಮೂದು ಪದ್ಧತಿ ಕಲಿಯುತ್ತೇವೆ. ಪ್ರತಿಯೊಂದು ವ್ಯವಹಾರಕ್ಕೂ ಎರಡು ಮುಖ. ಒಂದು ಖಾತೆಯಲ್ಲಿ ಜಮಾ ಆದದ್ದು ಇನ್ನೊಂದು ಖಾತೆಯಲ್ಲಿ ಖರ್ಚಾಗಿ ಕಾಣಲೇಬೇಕು. ಒಂದೇ ಕಡೆ ಬರೆದು ಪುಸ್ತಕ ಮುಚ್ಚಿದರೆ ಲೆಕ್ಕ ತಪ್ಪು.

ಬೆಂಗಳೂರು ಪರಿಸರದ ವಿಷಯದಲ್ಲಿ ಮುಂದೆ ಹೋಗುತ್ತಿದೆಯೇ ಎಂದು ಕೇಳಿದಾಗಲೂ ಇದೇ ನಿಯಮ ಹಾಕಬೇಕು ಎಂಬುದು ನನ್ನ ಅಭಿಪ್ರಾಯ. ಬೆಂಗಳೂರಿನ ಪುಸ್ತಕದಲ್ಲಿ ಏನು ಬರೆದಿದೆ ಎಂದು ನೋಡಿದರೆ ಸಾಲದು. ಎದುರು ನಮೂದು ಎಲ್ಲಿ ಬಿದ್ದಿದೆ ಎಂದೂ ನೋಡಬೇಕು. ಕೋಲಾರದಲ್ಲಿ ಓದುತ್ತಿರುವ ನಮಗೆ ಅದನ್ನು ನೋಡಲು ದೂರ ಹೋಗಬೇಕಿಲ್ಲ. ನಮ್ಮ ಕೆರೆಗಳೇ ಆ ಎದುರು ಪುಟ.

ಕೆರೆಗೆ ನೀರು ಬಂದ ದಿನ

2018ರ ಜೂನ್ ತಿಂಗಳಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಮೊದಲ ಬಾರಿಗೆ ನಮ್ಮ ತಾಲ್ಲೂಕಿನ ಲಕ್ಷ್ಮೀಸಾಗರ ಕೆರೆಗೆ ಬಂತು. ನಾನಾಗ ನಾಲ್ಕನೇ ತರಗತಿಯಲ್ಲಿದ್ದೆ. ಚಾಚಾ ನನ್ನನ್ನು ಬೈಕಿನಲ್ಲಿ ಕೂರಿಸಿಕೊಂಡು ನೋಡಲು ಕರೆದುಕೊಂಡು ಹೋದರು. ಕೆರೆ ಏರಿಯ ಮೇಲೆ ಜಾತ್ರೆಯಷ್ಟು ಜನ. ಯಾರೋ ಪೂಜೆ ಮಾಡುತ್ತಿದ್ದರು, ಯಾರೋ ಫೋಟೋ ತೆಗೆಯುತ್ತಿದ್ದರು. ಅಷ್ಟು ದೊಡ್ಡ ಕೆರೆಯಲ್ಲಿ ನಾನು ಅಲ್ಲಿಯವರೆಗೆ ನೋಡಿದ್ದು ಬಿರುಕು ಬಿಟ್ಟ ಮಣ್ಣು ಮತ್ತು ಜಾಲಿ ಗಿಡ ಮಾತ್ರ.

ಮನೆಗೆ ಬಂದು ಹೇಳಿದಾಗ ದಾದಿ ಒಂದೇ ಪ್ರಶ್ನೆ ಕೇಳಿದರು: "ಯೋ ಪಾನಿ ಪಾಕ್ ಹೈ ಕ್ಯಾ?" ಈ ನೀರು ಶುದ್ಧವೇ? ಆಗ ಯಾರೂ ಉತ್ತರ ಕೊಡಲಿಲ್ಲ. ಈ ಲೇಖನ ಬರೆಯಲು ಆ ಪ್ರಶ್ನೆಯೇ ಕಾರಣ.

ನಮ್ಮ ಜಿಲ್ಲೆಯಲ್ಲಿ ವರ್ಷಪೂರ್ತಿ ಹರಿಯುವ ನದಿ ಇಲ್ಲ. ಹಿರಿಯರು ಸಾವಿರಾರು ಕೆರೆ ಕಟ್ಟಿ, ಒಂದರ ಕೋಡಿ ನೀರು ಇನ್ನೊಂದಕ್ಕೆ ಹೋಗುವಂತೆ ಸರಪಳಿ ಮಾಡಿದರು. ತೂಬು ಎತ್ತಿ ಇಳಿಸಿ ನೀರು ಹಂಚಲು ಊರೂರಿಗೂ ನೀರುಗಂಟಿ ಇರುತ್ತಿದ್ದರು. ಕೊಳವೆ ಬಾವಿ ಬಂದ ಮೇಲೆ ಕೆರೆಯನ್ನು ಎಲ್ಲರೂ ಮರೆತರು. ಬಾವಿಯ ಆಳ 1,000 ಅಡಿ ದಾಟಿತು. ಆಳದ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಅದನ್ನು ಕುಡಿದವರ ಹಲ್ಲು ಮತ್ತು ಮೂಳೆಗೆ ಆಗುವ ತೊಂದರೆ ನಮ್ಮ ಹಳ್ಳಿಗಳಲ್ಲಿ ಎಲ್ಲರಿಗೂ ಗೊತ್ತು. ಇಂಥ ಜಿಲ್ಲೆಗೆ ನೀರು ಬರುತ್ತದೆ ಎಂದರೆ, ಅದು ಯಾವ ನೀರು ಎಂದು ಕೇಳುವ ಸ್ಥಿತಿಯಲ್ಲಿ ಹೆಚ್ಚಿನವರು ಇರಲಿಲ್ಲ.

ಬೆಂಗಳೂರಿಗೆ ನೀರು ಬರುವುದು ಹೇಗೆ

ಬೆಂಗಳೂರು ನದಿ ತೀರದ ನಗರವಲ್ಲ. ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲೆ ಕುಳಿತಿದೆ. ಅದೂ ಒಂದು ಕಾಲದಲ್ಲಿ ನಮ್ಮ ಹಾಗೆಯೇ ಕೆರೆಗಳಿಂದ ಬದುಕಿದ ಊರು. ಧರ್ಮಾಂಬುಧಿ ಕೆರೆ ಇದ್ದ ಜಾಗದಲ್ಲಿ ಈಗ ಮೆಜೆಸ್ಟಿಕ್ ಬಸ್ ನಿಲ್ದಾಣ ಇದೆ. ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣ ಇದೆ.

1974ರಲ್ಲಿ ಕಾವೇರಿ ಮೊದಲ ಹಂತದ ನೀರು ಬಂತು. ನಂತರ ಎರಡು, ಮೂರು, ನಾಲ್ಕನೇ ಹಂತಗಳು. ಈ ನಾಲ್ಕೂ ಸೇರಿ ದಿನಕ್ಕೆ ಸುಮಾರು 145 ಕೋಟಿ ಲೀಟರ್. 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾದ ಐದನೇ ಹಂತದ ಸಾಮರ್ಥ್ಯ ಇನ್ನೂ 77.5 ಕೋಟಿ ಲೀಟರ್. ಇದು ಮುಖ್ಯವಾಗಿ, 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳಿಗಾಗಿ. ಒಟ್ಟು 222.5 ಕೋಟಿ ಲೀಟರ್.

ಈ ನೀರು ತಾನಾಗಿ ಹರಿದು ಬರುವುದಿಲ್ಲ. ಸುಮಾರು 100 ಕಿಲೋಮೀಟರ್ ದೂರದಿಂದ ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಎಂಬ ಮೂರು ಕಡೆ ಪಂಪ್ ಮಾಡಿ, ಸುಮಾರು 500 ಮೀಟರ್ ಎತ್ತರಕ್ಕೆ ಏರಿಸಬೇಕು. ವಿಜ್ಞಾನ ವಿಭಾಗದ ಗೆಳೆಯನೊಬ್ಬ ನನಗೆ ಲೆಕ್ಕ ಹಾಕಿಕೊಟ್ಟ. 1,000 ಲೀಟರ್ ನೀರನ್ನು 500 ಮೀಟರ್ ಎತ್ತಲು, ಪಂಪಿನಲ್ಲಿ ಸ್ವಲ್ಪವೂ ನಷ್ಟವಾಗದಿದ್ದರೂ, ಸುಮಾರು 1.4 ಯೂನಿಟ್ ವಿದ್ಯುತ್ ಬೇಕು. ಐದೂ ಹಂತಗಳು ಪೂರ್ತಿ ನಡೆದರೆ ದಿನಕ್ಕೆ 30 ಲಕ್ಷ ಯೂನಿಟ್. ಜಲಮಂಡಳಿಯ ಖರ್ಚಿನಲ್ಲಿ ವಿದ್ಯುತ್ ಬಿಲ್ ಏಕೆ ಅಷ್ಟು ದೊಡ್ಡದು ಎಂಬುದು ನನಗೆ ಆಗ ಅರ್ಥವಾಯಿತು. ಬೆಂಗಳೂರಿನಲ್ಲಿ ನಲ್ಲಿ ತೆರೆದಾಗ ನೀರಿನ ಜೊತೆ ವಿದ್ಯುತ್ತೂ ಹರಿಯುತ್ತದೆ.

ಇಷ್ಟಾದರೂ 2024ರ ಬೇಸಿಗೆಯಲ್ಲಿ ನಗರದ ಸಾರ್ವಜನಿಕ ಕೊಳವೆ ಬಾವಿಗಳಲ್ಲಿ ಅರ್ಧದಷ್ಟು ಬತ್ತಿದವು. ಟ್ಯಾಂಕರ್ ನೀರಿಗೆ ಸರ್ಕಾರವೇ ದರ ನಿಗದಿ ಮಾಡಬೇಕಾಯಿತು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ, ಕೈತೋಟಕ್ಕೆ ಹಾಕಿದರೆ 5,000 ರೂಪಾಯಿ ದಂಡ ಎಂದು ಆದೇಶ ಬಂತು.

ಬಳಸಿದ ನೀರು ಎಲ್ಲಿಗೆ ಹೋಗುತ್ತದೆ

ಮನೆಗೆ ಬಂದ ನೀರಿನಲ್ಲಿ ಸುಮಾರು ಶೇಕಡ 80ರಷ್ಟು ಕೊಳಚೆಯಾಗಿ ಹೊರಗೆ ಹೋಗುತ್ತದೆ ಎಂದು ಎಂಜಿನಿಯರುಗಳು ಲೆಕ್ಕ ಹಿಡಿಯುತ್ತಾರೆ. ಹಾಗಾದರೆ 222.5 ಕೋಟಿ ಲೀಟರಿನಲ್ಲಿ 178 ಕೋಟಿ ಲೀಟರ್ ಕೊಳಚೆ ನೀರು. ಕೊಳವೆ ಬಾವಿ ಮತ್ತು ಟ್ಯಾಂಕರ್ ನೀರಿನ ಕೊಳಚೆ ಇದಕ್ಕೆ ಸೇರಿಲ್ಲ.

ದಿಣ್ಣೆಯ ಮೇಲಿನ ಊರಾದ್ದರಿಂದ ನೀರು ಮೂರು ಮುಖ್ಯ ಕಣಿವೆಗಳಲ್ಲಿ ಇಳಿಯುತ್ತದೆ. ವೃಷಭಾವತಿ ಕಣಿವೆಯ ನೀರು ಬಿಡದಿ ಬಳಿಯ ಬೈರಮಂಗಲ ಕೆರೆ ಸೇರಿ ಅರ್ಕಾವತಿಯ ಕಡೆ ಹೋಗುತ್ತದೆ. ಹೆಬ್ಬಾಳ ಕಣಿವೆ ಮತ್ತು ಕೋರಮಂಗಲ-ಚಲ್ಲಘಟ್ಟ ಕಣಿವೆಯ ನೀರು ದಕ್ಷಿಣ ಪಿನಾಕಿನಿ ನದಿಯ ಕಡೆ, ಅಲ್ಲಿಂದ ತಮಿಳುನಾಡಿಗೆ. ನಾವು ದಿನವೂ ಹೇಳುವ "ಕೆ.ಸಿ. ವ್ಯಾಲಿ" ಎಂದರೆ ಈ ಕೋರಮಂಗಲ-ಚಲ್ಲಘಟ್ಟ ಕಣಿವೆ.

ಈ ಕಣಿವೆಯಲ್ಲಿ ಬೆಳ್ಳಂದೂರು ಕೆರೆ ಇದೆ. ಸಂಸ್ಕರಿಸದ ಕೊಳಚೆ ವರ್ಷಗಟ್ಟಲೆ ಸೇರಿ ಅದರ ಮೇಲೆ ಸೋಪಿನ ನೊರೆ ರಸ್ತೆಯವರೆಗೆ ಹಾರುತ್ತಿತ್ತು. 2015ರ ಮೇ ತಿಂಗಳಲ್ಲಿ ಆ ನೊರೆಗೆ ಬೆಂಕಿ ಹತ್ತಿತು. 2017ರಲ್ಲಿ ಮತ್ತೆ ಬೆಂಕಿ. 2018ರ ಜನವರಿಯಲ್ಲಿ ಬೆಂಕಿ ಆರಿಸಲು ಸೈನಿಕರು ಬರಬೇಕಾಯಿತು. ನೀರಿಗೆ ಬೆಂಕಿ ಹತ್ತಿದ ಸುದ್ದಿ ಪ್ರಪಂಚದ ಪತ್ರಿಕೆಗಳಲ್ಲೆಲ್ಲ ಬಂತು. ಅದೇ ವರ್ಷದ ಡಿಸೆಂಬರ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ರಾಜ್ಯ ಸರ್ಕಾರಕ್ಕೆ ದಂಡ ಹಾಕಿತು. ನಂತರ ಕೆರೆಯ ಹೂಳೆತ್ತುವ ಕೆಲಸ ಆರಂಭವಾಯಿತು.

ಕೆ.ಸಿ. ವ್ಯಾಲಿ ಯೋಜನೆ

ಸಣ್ಣ ನೀರಾವರಿ ಇಲಾಖೆಯ ಯೋಜನೆ ಸರಳವಾಗಿದೆ. ಈ ಕಣಿವೆಯ ಕೊಳಚೆಯನ್ನು ಘಟಕಗಳಲ್ಲಿ ಸಂಸ್ಕರಿಸಿ, ದಿನಕ್ಕೆ 44 ಕೋಟಿ ಲೀಟರ್ ನೀರನ್ನು ಪಂಪ್ ಮಾಡಿ ಕೋಲಾರದ ಕಡೆಗೆ ಕಳಿಸುವುದು, ಮೊದಲ ಹಂತದಲ್ಲಿ 126 ಕೆರೆ ತುಂಬಿಸುವುದು. ಒಂದು ಕೆರೆ ತುಂಬಿದರೆ ಕೋಡಿ ಹರಿದು ಮುಂದಿನ ಕೆರೆಗೆ. ಹಿರಿಯರು ಕಟ್ಟಿದ ಸರಪಳಿಯೇ ಇಲ್ಲಿ ಉಪಯೋಗಕ್ಕೆ ಬಂತು. ಇದೇ ರೀತಿ ಹೆಬ್ಬಾಳ-ನಾಗವಾರ ಕಣಿವೆಯಿಂದ 21 ಕೋಟಿ ಲೀಟರ್ ನೀರನ್ನು ಚಿಕ್ಕಬಳ್ಳಾಪುರ ಮತ್ತು ಬೆಂಗಳೂರು ಗ್ರಾಮಾಂತರದ ಕೆರೆಗಳಿಗೆ ಕೊಡುವ ಯೋಜನೆ ಇದೆ.

ಒಂದು ಮಾತು ಗಮನಿಸಬೇಕು. ಈ ನೀರು ಕುಡಿಯಲು ಅಲ್ಲ, ನೇರವಾಗಿ ಹೊಲಕ್ಕೆ ಹಾಯಿಸಲೂ ಅಲ್ಲ. ಕೆರೆಯಲ್ಲಿ ನಿಂತು ನೆಲಕ್ಕೆ ಇಂಗಿ ಅಂತರ್ಜಲ ಹೆಚ್ಚಲಿ ಎಂಬುದಷ್ಟೇ ಉದ್ದೇಶ. ಕೆರೆಗೆ ಮೋಟಾರ್ ಇಟ್ಟು ನೀರೆತ್ತುವಂತಿಲ್ಲ.

ಫಲ ಸಿಕ್ಕಿದೆಯೇ? ಸಿಕ್ಕಿದೆ. ಕೆರೆಗಳ ಸುತ್ತ ಅಂತರ್ಜಲ ಮಟ್ಟ ಏರಿರುವುದನ್ನು ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಅಧ್ಯಯನ ಮಾಡಿ ಹೇಳಿದ್ದಾರೆ. ನಮ್ಮ ಚಾಚಾ ಅವರದು ಎರಡು ಎಕರೆ. ಮೂರು ಬೋರ್ ಕೊರೆಸಿ ಸಾಲ ಮಾಡಿಕೊಂಡಿದ್ದರು. ಒಂದರಲ್ಲಿ ಮಾತ್ರ ಅರ್ಧ ಇಂಚು ನೀರು. ಪಕ್ಕದ ಊರಿನ ಕೆರೆ ತುಂಬಿದ ಎರಡನೇ ವರ್ಷ, ಕೈಬಿಟ್ಟಿದ್ದ ಹಳೆಯ ಬೋರಿನಲ್ಲಿ ನೀರು ಬಂತು. ಮತ್ತೆ ಟೊಮೆಟೊ ಹಾಕಿದರು. ಮಂಡಿಗೆ ಮೊದಲ ಬಾಕ್ಸ್‌ಗಳನ್ನು ಕಳಿಸಿದ ದಿನ ಮನೆಗೆಲ್ಲ ಸಿಹಿ ತಂದರು. ಬೆಂಗಳೂರಿನ ಕೊಳಚೆ ನಮ್ಮ ಮನೆಯ ಸಾಲ ತೀರಿಸಿತು ಎಂದು ಅಬ್ಬಾ ತಮಾಷೆ ಮಾಡುತ್ತಾರೆ. ತಮಾಷೆಯಾದರೂ ಅದು ನಿಜ.

ಎದುರು ನಮೂದು

ಆದರೆ ಲೆಕ್ಕ ಇಲ್ಲಿಗೆ ಮುಗಿಯುವುದಿಲ್ಲ. ನೀರು ಬಂದ ಮರುತಿಂಗಳೇ, 2018ರ ಜುಲೈನಲ್ಲಿ, ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಕಾಣಿಸಿತು. ಬೆಳ್ಳಂದೂರಿನ ನೊರೆ ನಮ್ಮೂರಿಗೂ ಬಂತೇ ಎಂದು ಜನ ಹೆದರಿದರು. ಶಾಶ್ವತ ನೀರಾವರಿಗಾಗಿ ಹೋರಾಡುತ್ತಿದ್ದವರು ಹೈಕೋರ್ಟಿಗೆ ಹೋದರು. ಕೋರ್ಟ್ ತಡೆ ನೀಡಿತು, ನಂತರ ತೆರವಾಯಿತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಮತ್ತೆ ತಡೆ ನೀಡಿತು. ಆಮೇಲೆ ನೀರು ಪುನಃ ಹರಿಯಿತು.

ಹೋರಾಟಗಾರರ ಬೇಡಿಕೆ ನೀರು ಬೇಡ ಎಂಬುದಲ್ಲ. ಮೂರನೇ ಹಂತದ ಶುದ್ಧೀಕರಣ ಮಾಡಿ ಕೊಡಿ ಎಂಬುದು. ಈ ಹಂತಗಳು ಏನೆಂದು ತಿಳಿದರೆ ಬೇಡಿಕೆ ಅರ್ಥವಾಗುತ್ತದೆ.

ಮೊದಲ ಹಂತದಲ್ಲಿ ಜಾಲರಿ ಹಾಕಿ ಕಸ, ಪ್ಲಾಸ್ಟಿಕ್ ತೆಗೆಯುತ್ತಾರೆ. ಮರಳು, ಕೆಸರು ತಳಕ್ಕೆ ಇಳಿಯಲು ಬಿಡುತ್ತಾರೆ. ಎರಡನೇ ಹಂತದಲ್ಲಿ ನೀರಿಗೆ ಗಾಳಿ ಊದುತ್ತಾರೆ. ಗಾಳಿ ಸಿಕ್ಕಿದ ಬ್ಯಾಕ್ಟೀರಿಯಾಗಳು ಕೊಳಚೆಯನ್ನು ತಿಂದು ಬೆಳೆಯುತ್ತವೆ, ನಂತರ ಅವೂ ಕೆಸರಾಗಿ ತಳಕ್ಕೆ ಇಳಿಯುತ್ತವೆ. ಇಲ್ಲಿಗೆ ನೀರು ನೋಡಲು ಬಹುಮಟ್ಟಿಗೆ ತಿಳಿಯಾಗುತ್ತದೆ. ಮೂರನೇ ಹಂತದಲ್ಲಿ ಇನ್ನೂ ಸೂಕ್ಷ್ಮವಾಗಿ ಸೋಸಿ, ಉಳಿದ ಸಾರಜನಕ ಮತ್ತು ರಂಜಕ ತೆಗೆದು, ರೋಗಾಣು ಕೊಲ್ಲುತ್ತಾರೆ. ಕೋಲಾರಕ್ಕೆ ನೀರು ಕಳಿಸುವ ಯೋಜನೆ ರೂಪಿಸಿದ್ದು ಎರಡನೇ ಹಂತದ ಮೇಲೆ. ಉಳಿದ ಶುದ್ಧೀಕರಣವನ್ನು ಕೆರೆ ಮತ್ತು ಮಣ್ಣು ಮಾಡುತ್ತವೆ ಎಂಬುದು ಯೋಜನೆಯ ನಂಬಿಕೆ.

ಈ ನಂಬಿಕೆ ಪೂರ್ತಿ ಸುಳ್ಳಲ್ಲ. ಬೆಂಗಳೂರಿನ ಜಕ್ಕೂರು ಕೆರೆಯಲ್ಲಿ ಸಂಸ್ಕರಿಸಿದ ನೀರು ಜೊಂಡು ಬೆಳೆದ ತೇವಭೂಮಿಯ ಮೂಲಕ ಹಾದು ಕೆರೆಗೆ ಬರುತ್ತದೆ. ಗಿಡಗಳ ಬೇರು ಉಳಿದ ಪೋಷಕಾಂಶ ಹೀರಿಕೊಳ್ಳುತ್ತದೆ. ನಮ್ಮಲ್ಲಿಯೂ ಒಂದು ಕೆರೆಯಿಂದ ಇನ್ನೊಂದಕ್ಕೆ ಹೋಗುವಾಗ ನೀರು ಸ್ವಲ್ಪ ಸ್ವಲ್ಪ ತಿಳಿಯಾಗುತ್ತದೆ. ಆದರೆ ಕಾರ್ಖಾನೆಯ ಲೋಹದ ಅಂಶ ಕೊಳಚೆಗೆ ಸೇರಿದ್ದರೆ ಬ್ಯಾಕ್ಟೀರಿಯಾ ಅದನ್ನು ತಿನ್ನುವುದಿಲ್ಲ. ಅದು ಕೆಸರಿನಲ್ಲಿ, ಮಣ್ಣಿನಲ್ಲಿ ಉಳಿಯುತ್ತದೆ. ಘಟಕ ಒಂದು ದಿನ ಕೆಟ್ಟು ನಿಂತರೆ ಅದು ಬೆಂಗಳೂರಿನವರಿಗೆ ಗೊತ್ತಾಗುವುದಿಲ್ಲ, ಕೆರೆಯ ಪಕ್ಕದ ಊರಿಗೆ ವಾಸನೆಯಲ್ಲಿ ಗೊತ್ತಾಗುತ್ತದೆ.

ಅರ್ಥಶಾಸ್ತ್ರದಲ್ಲಿ ಇದಕ್ಕೆ ಬಾಹ್ಯ ವೆಚ್ಚ ಎನ್ನುತ್ತಾರೆ. ವಸ್ತು ಬಳಸಿದವನು ಒಬ್ಬ, ಬೆಲೆ ಕೊಡುವವನು ಇನ್ನೊಬ್ಬ. ಬೆಂಗಳೂರಿಗೆ ಇದು ಹೊಸದಲ್ಲ. ಮಂಡೂರಿನಲ್ಲಿ ವರ್ಷಗಟ್ಟಲೆ ನಗರದ ಕಸ ಸುರಿದರು. ಊರಿನವರು ಲಾರಿ ತಡೆದು ಹೋರಾಟ ಮಾಡಿದ ಮೇಲೆ 2014ರ ಕೊನೆಗೆ ನಿಲ್ಲಿಸಿದರು. ಅದಾದ ಮೇಲೆಯೇ ಹಸಿ ಕಸ, ಒಣ ಕಸ ಮನೆಯಲ್ಲೇ ಬೇರೆ ಮಾಡಬೇಕೆಂಬ ನಿಯಮ ಗಟ್ಟಿಯಾಯಿತು. ಹೈಕೋರ್ಟ್ ಎರಡು ಬುಟ್ಟಿ, ಒಂದು ಚೀಲದ ಪದ್ಧತಿಗೆ ಆದೇಶ ಕೊಟ್ಟಿತು. ಅಂದರೆ ಹಳ್ಳಿ ಬೇಡ ಎಂದಾಗ ನಗರ ಕಲಿಯಿತು.

ಹಾಗಾದರೆ ಪ್ರಗತಿ ಆಗಿಲ್ಲವೇ?

ಆಗಿದೆ, ಅದನ್ನೂ ಬರೆಯಬೇಕು. 2011ರ ಅಕ್ಟೋಬರ್‌ನಲ್ಲಿ ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಯವರೆಗೆ ಮಾತ್ರ ಇದ್ದ ಮೆಟ್ರೋ, 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ಸೇರಿದ ಮೇಲೆ 96 ಕಿಲೋಮೀಟರ್ ಆಗಿದೆ. ಬಿಎಂಟಿಸಿಯಲ್ಲಿ ಹೊಗೆ ಬಿಡದ ವಿದ್ಯುತ್ ಬಸ್ಸುಗಳು ಬಂದಿವೆ. 2023ರ ನವೆಂಬರ್‌ನಲ್ಲಿ ಮಹಾನಗರ ಪಾಲಿಕೆ ಹವಾಮಾನ ಕ್ರಿಯಾ ಯೋಜನೆ ಪ್ರಕಟಿಸಿ, 2050ರ ಹೊತ್ತಿಗೆ ಇಂಗಾಲದ ಲೆಕ್ಕ ಸೊನ್ನೆಗೆ ತರುವ ಗುರಿ ಇಟ್ಟುಕೊಂಡಿದೆ. ಆದರೆ ವಾಹನಗಳ ಸಂಖ್ಯೆಯೂ ಒಂದು ಕೋಟಿ ದಾಟಿದೆ. 2025ರಲ್ಲಿ ಮೆಟ್ರೋ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿದೆ. ಇಲ್ಲಿಯೂ ಜಮಾ ಖರ್ಚು ಎರಡೂ ಇವೆ.

ನೀರಿನ ವಿಷಯದಲ್ಲಿ ನಗರಕ್ಕೆ ಮೂರು ಪ್ರಶ್ನೆ ಕೇಳಬಹುದು.

ಮೊದಲನೆಯದು, ಹೊರಗಿನಿಂದ ತರುವುದು ಕಡಿಮೆಯಾಗುತ್ತಿದೆಯೇ? ಇಲ್ಲ. ಕಾವೇರಿಯ ಹಂತಗಳು ಹೆಚ್ಚುತ್ತಲೇ ಇವೆ. ಆದರೆ ಆಕಾಶದಿಂದ ಬೀಳುವುದನ್ನು ಹಿಡಿದರೆ ಎಷ್ಟಾಗುತ್ತದೆ ನೋಡಿ. ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು 97 ಸೆಂಟಿಮೀಟರ್ ಮಳೆ. 1,000 ಚದರ ಅಡಿ ಚಾವಣಿಯ ಮೇಲೆ ಬೀಳುವುದು ಸುಮಾರು 90,000 ಲೀಟರ್. ಐದರಲ್ಲಿ ಒಂದು ಪಾಲು ನಷ್ಟವಾದರೂ 72,000 ಲೀಟರ್ ಉಳಿಯುತ್ತದೆ. ನಾಲ್ಕು ಜನರ ಮನೆಗೆ, ತಲೆಗೆ 135 ಲೀಟರಿನಂತೆ, ನಾಲ್ಕು ತಿಂಗಳಿಗೂ ಹೆಚ್ಚು ಸಾಕು. 2009ರಿಂದಲೇ ನಿಗದಿತ ಅಳತೆಯ ನಿವೇಶನಗಳಿಗೆ ಮಳೆ ನೀರು ಕೊಯ್ಲು ಕಡ್ಡಾಯ. ಕಾನೂನು ಇದೆ, ಎಲ್ಲ ಚಾವಣಿಗಳಲ್ಲಿ ಕೊಳವೆ ಇಲ್ಲ.

ಎರಡನೆಯದು, ಬಳಸಿದ ನೀರನ್ನು ತಾನೇ ಮತ್ತೆ ಬಳಸುತ್ತಿದೆಯೇ? ಸ್ವಲ್ಪ. ಕಬ್ಬನ್ ಪಾರ್ಕ್ ಮತ್ತು ಲಾಲ್‌ಬಾಗ್‌ನಲ್ಲಿ ಗಿಡಗಳಿಗಾಗಿ ಸಣ್ಣ ಘಟಕಗಳಿವೆ. ದೊಡ್ಡ ಅಪಾರ್ಟ್‌ಮೆಂಟುಗಳಲ್ಲಿ ಘಟಕ ಕಡ್ಡಾಯ. ಆದರೆ ಸಂಸ್ಕರಿಸಿದ ನೀರನ್ನು ಶೌಚಾಲಯಕ್ಕೆ, ಕಟ್ಟಡ ಕೆಲಸಕ್ಕೆ ಕೊಂಡೊಯ್ಯುವ ಬೇರೆ ಕೊಳವೆ ನಗರದ ಹೆಚ್ಚಿನ ಕಡೆ ಇಲ್ಲ.

ಮೂರನೆಯದು, ಹೊರಗೆ ಕಳಿಸುವುದನ್ನು ಸುರಕ್ಷಿತವಾಗಿ ಕಳಿಸುತ್ತಿದೆಯೇ? ಮೊದಲಿಗಿಂತ ಉತ್ತಮ, ಆದರೆ ಸಾಲದು. ಎರಡು ಕಣಿವೆಗಳ ಯೋಜನೆ ಸೇರಿ 65 ಕೋಟಿ ಲೀಟರ್. ಅದು 178 ಕೋಟಿಯ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೆ. ಅದೂ ಎರಡನೇ ಹಂತದವರೆಗೆ.

ದಾದಿಯ ಪ್ರಶ್ನೆಗೆ ಉತ್ತರ

ಧರ್ಮದ ಮಸಲೆ ಹೇಳುವುದು ಉಲಮಾಗಳ ಕೆಲಸ, ನನ್ನದಲ್ಲ. ಆದರೆ ಹುಡುಕುವಾಗ ಒಂದು ವಿಷಯ ಸಿಕ್ಕಿತು. 1978ರಲ್ಲಿ ಸೌದಿ ಅರೇಬಿಯಾದ ಹಿರಿಯ ಉಲಮಾ ಮಂಡಳಿ ಇದೇ ಪ್ರಶ್ನೆಯನ್ನು ಚರ್ಚಿಸಿತ್ತು. ಕೊಳಚೆ ನೀರನ್ನು ಬಣ್ಣ, ರುಚಿ, ವಾಸನೆಯಲ್ಲಿ ಮಲಿನತೆಯ ಗುರುತೇ ಉಳಿಯದಷ್ಟು ಶುದ್ಧ ಮಾಡಿದರೆ ಅದು ಪಾಕ್, ವುಜೂ ಕೂಡ ಮಾಡಬಹುದು, ಆದರೆ ಆರೋಗ್ಯಕ್ಕೆ ಕೆಡುಕಾಗುವಂತಿದ್ದರೆ ಅದನ್ನು ಬಿಡಬೇಕು ಎಂಬುದು ಅವರ ತೀರ್ಮಾನದ ಸಾರ.

ಇದನ್ನು ದಾದಿಗೆ ಓದಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ತಪ್ಪು ನೀರಿನದಲ್ಲ, ಅರ್ಧ ತೊಳೆದು ಕಳಿಸುವವರದು" ಎಂದರು. ನಾನು ಇಷ್ಟು ಪುಟ ಬರೆದದ್ದನ್ನು ಅವರು ಒಂದೇ ಮಾತಿನಲ್ಲಿ ಹೇಳಿದರು. ಕೋಲಾರ ಬೆಂಗಳೂರಿನ ಬಳಸಿದ ನೀರನ್ನು ಸ್ವೀಕರಿಸಿದೆ. ಅದರಿಂದ ನಮ್ಮ ರೈತರಿಗೆ ಬದುಕು ಬಂದಿದೆ. ಆದ್ದರಿಂದ ನೀರು ನಿಲ್ಲಬಾರದು, ಕೆಲಸ ಪೂರ್ತಿಯಾಗಬೇಕು. ಮೂರನೇ ಹಂತದ ಖರ್ಚು ಬೆಂಗಳೂರಿನ ಖಾತೆಯಲ್ಲಿ ಬೀಳಬೇಕು, ನಮ್ಮ ಮಣ್ಣಿನ ಖಾತೆಯಲ್ಲಿ ಅಲ್ಲ. ಕೆರೆ ನೀರಿನ ಪರೀಕ್ಷೆಯ ಫಲಿತಾಂಶವನ್ನು ಪ್ರತಿ ತಿಂಗಳು ಆಯಾ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಕನ್ನಡದಲ್ಲಿ ಬರೆಯಬೇಕು. ಕಂಪನಿಗಳು ತಮ್ಮ ಲೆಕ್ಕವನ್ನು ಷೇರುದಾರರಿಗೆ ತೋರಿಸುವುದಿಲ್ಲವೇ? ಹಾಗೆಯೇ.

ಬೇರೆಯವರ ಲೆಕ್ಕ ನೋಡಿದ ಮೇಲೆ ನಮ್ಮದನ್ನೂ ನೋಡಬೇಕಲ್ಲ. ಕಳೆದ ತಿಂಗಳು ನಾವು ಮೂವರು ಗೆಳೆಯರು ಕಾಲೇಜಿನ ವುಜೂಖಾನೆಯಲ್ಲಿ ಬಕೆಟ್ ಇಟ್ಟು ಅಳೆದೆವು. ನಲ್ಲಿ ಪೂರ್ತಿ ತೆರೆದು ವುಜೂ ಮಾಡಿದರೆ 7 ಲೀಟರ್. ಅರ್ಧ ತೆರೆದು, ಮಸಹ್ ಮಾಡುವಾಗ ನಿಲ್ಲಿಸಿದರೆ ಎರಡೂವರೆ ಲೀಟರ್. ಜುಹರ್ ಹೊತ್ತಿಗೆ 300 ಜನ ಎಂದರೆ ದಿನಕ್ಕೆ 1,350 ಲೀಟರ್ ಉಳಿತಾಯ. ಹರಿಯುವ ನದಿಯ ಪಕ್ಕದಲ್ಲಿದ್ದರೂ ವುಜೂವಿನಲ್ಲಿ ನೀರು ಪೋಲು ಮಾಡಬಾರದೆಂದು ನಮಗೆ ಚಿಕ್ಕಂದಿನಿಂದ ಕಲಿಸಿದ್ದಾರೆ. ನಮ್ಮ ಜಿಲ್ಲೆಯಲ್ಲಿ ನದಿಯೂ ಇಲ್ಲ.

ಆ ವುಜೂ ನೀರಿನಲ್ಲಿ ಕೊಳೆ ಇಲ್ಲವೇ ಇಲ್ಲ ಎನ್ನಬಹುದು. ಈಗ ಅದು ನೇರ ಚರಂಡಿಗೆ ಹೋಗುತ್ತಿದೆ. ಅದನ್ನು ಹಿಂದಿನ ಅಂಗಳದ ಬೇವಿನ ಗಿಡಗಳಿಗೆ ತಿರುಗಿಸಲು 40 ಅಡಿ ಪೈಪ್ ಸಾಕು. ಪ್ರಾಂಶುಪಾಲರಿಗೆ ಮನವಿ ಬರೆದಿದ್ದೇವೆ. ಸಹಿ ಹಾಕಬಯಸುವವರು ದ್ವಿತೀಯ ಪಿಯುಸಿ ವಾಣಿಜ್ಯ ವಿಭಾಗದ ತರಗತಿಗೆ ಬನ್ನಿ. ಪೈಪಿನ ದರಪಟ್ಟಿಯನ್ನೂ ತಂದಿಟ್ಟಿದ್ದೇವೆ.